ವಿಮಾನದ ಹೊಗಿ, ಗಿಡದ ಚೀಟಿ

‘ಕಾರ್ಬನ್ ನ್ಯೂಟ್ರಲ್ ವಿಮಾನ ಪ್ರಯಾಣ’ ಅನ್ನೋ ಮಾತು ಈಗ ಜಾಹೀರಾತಿನೊಳಗ ಬಹಳ ಓಡಾಡತೈತಿ. ಅದರ ಅರ್ಥ ಇಷ್ಟು: ವಿಮಾನದ ಟಿಕೆಟ್ ತಗೊಳ್ಳುವಾಗ ಮ್ಯಾಲ ಒಂದಿಷ್ಟು ರೊಕ್ಕ ಕೊಡಬೇಕು. ಆ ರೊಕ್ಕದಿಂದ ಎಲ್ಲೋ ಒಂದು ದೇಶದಾಗ ಗಿಡ ಹಚ್ಚತಾರ, ಕಾಡು ಕಾಯತಾರ, ಇಲ್ಲವೇ ಗಾಳಿ ಪಂಖಾ ನಿಲ್ಲಸತಾರ. ಅದರಿಂದ ನಿಮ್ಮ ಪಾಲಿನ ಹೊಗಿ ಚುಕ್ತಾ ಆತು, ನೀವು ನಿಶ್ಚಿಂತಿಯಿಂದ ಹಾರಬಹುದು ಅಂತ. ಈ ಮಾತು ಎಷ್ಟು ಖರೆ, ಎಷ್ಟು ಸುಳ್ಳು ಅಂತ ನೋಡೋದು ನಮ್ಮ ಕೆಲಸ.

ನಾನು ವಿಮಾನ ಹತ್ತಿದವನಲ್ಲ. ಆದರ ಗೀಗೀ ಮೇಳದಾಗ ಹಾಡಿದವ. ಹರದೇಶಿ ನಾಗೇಶಿ ವಾದದಾಗ ಒಂದು ಕಟ್ಟಳೆ ಐತಿ. ಎದುರಿನ ಮೇಳದವರು ಯಾವ ಸವಾಲು ಹಾಕ್ಯಾರೋ ಅದಕ್ಕೇ ಜವಾಬು ಕೊಡಬೇಕು. ಬ್ಯಾರೆ ಕಥಿ ತಗದು ಎಷ್ಟು ಇಂಪಾಗಿ ಹಾಡಿದರೂ ಕುಂತ ಮಂದಿ ಒಪ್ಪೋದಿಲ್ಲ. ಈ ಜಾಹೀರಾತಿನ ದೋಷ ಅದೇ. ‘ನೀನು ಎಷ್ಟು ಹೊಗಿ ಬಿಟ್ಟಿ?’ ಅನ್ನೋದು ಸವಾಲು. ‘ನಾನು ಅಲ್ಲಿ ಗಿಡ ಹಚ್ಚೇನಿ’ ಅನ್ನೋದು ಜವಾಬು. ಎರಡಕ್ಕೂ ತಾಳ ಕೂಡೋದಿಲ್ಲ.

ಮೊದಲು ಹೊಗಿಯ ಹಿಶೋಬ ನೋಡೋಣ. ಒಂದು ಕಿಲೋ ವಿಮಾನದ ಎಣ್ಣಿ ಉರಿದರ ಸುಮಾರು 3.16 ಕಿಲೋ ಕಾರ್ಬನ್ ಡೈಆಕ್ಸೈಡ್ ಹುಟ್ಟತೈತಿ. ಒಂದು ಕಿಲೋ ಸುಟ್ಟರ ಮೂರು ಕಿಲೋ ಹೆಂಗ ಆದೀತು ಅಂತ ಸಾಲಿ ಹುಡುಗರು ಕೇಳಬಹುದು. ಎಣ್ಣಿಯೊಳಗಿನ ಇಂಗಾಲ ಉರಿಯುವಾಗ ಗಾಳಿಯೊಳಗಿನ ಆಮ್ಲಜನಕವನ್ನ ಕೂಡಿಸಿಕೊಳ್ಳತೈತಿ, ಅದಕ್ಕ ತೂಕ ಹೆಚ್ಚು. ಜಗತ್ತಿನ ಒಟ್ಟು ಇಂಗಾಲದ ಹೊಗಿಯೊಳಗ ವಿಮಾನದ್ದು ನೂರಕ್ಕ ಎರಡೂವರಿ ಪಾಲಿನ ಆಸುಪಾಸು. ಕಡಿಮಿ ಅನ್ನಿಸಬಹುದು. ಆದರ ಜಗತ್ತಿನ ಬಹಳಷ್ಟು ಜನ ವರ್ಷಕ್ಕ ಒಮ್ಮೆಯೂ ವಿಮಾನ ಹತ್ತೋದಿಲ್ಲ ಅನ್ನೋದನ್ನ ಮರೀಬಾರದು. ಹಾರೋರು ಸ್ವಲ್ಪ ಮಂದಿ, ಬಿಸಿಲು ಎಲ್ಲರಿಗೂ.

ಈ ಹೊಗಿ ಒಮ್ಮೆ ಮ್ಯಾಲ ಹೋತಂದ್ರ ಅದರ ದೊಡ್ಡ ಪಾಲು ನೂರಾರು ವರ್ಷ ಅಲ್ಲೇ ಇರತೈತಿ. ಅಂದರ ಸಾಲ ಪಕ್ಕಾ. ತೀರಿಸೋ ದಾರಿ ಮಾತ್ರ ಪಕ್ಕಾ ಇಲ್ಲ. ಗಿಡ ಇವತ್ತು ಹಚ್ಚಿದರ ದೊಡ್ಡದಾಗಾಕ ಇಪ್ಪತ್ತು ಮೂವತ್ತು ವರ್ಷ ಬೇಕು. ಅಷ್ಟರೊಳಗ ಬರ ಬರಬಹುದು, ದನ ತಿನ್ನಬಹುದು, ಬೆಂಕಿ ಬೀಳಬಹುದು. 2021ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಾಗ ಬೂಟ್‌ಲೆಗ್ ಅನ್ನೋ ದೊಡ್ಡ ಕಾಳ್ಗಿಚ್ಚು ಎದ್ದಾಗ, ಹೊಗಿಯ ಲೆಕ್ಕಕ್ಕ ಬರೆಸಿದ ಕಾಡು ಸೈತ ಸುಟ್ಟಿತು. ಗಿಡದೊಳಗ ಜಮಾ ಆಗಿದ್ದ ಇಂಗಾಲ ಮತ್ತ ಮುಗಿಲಿಗೇ ಹೋತು.

ಎರಡನೇದು, ‘ಕಾಡು ಕಾಯ್ದೇವಿ’ ಅನ್ನೋ ಲೆಕ್ಕ. ಇದರಾಗ ಕಡಿಯದ ಗಿಡಕ್ಕ ರೊಕ್ಕ. ‘ನಾವು ಇರದಿದ್ದರ ಇಷ್ಟು ಕಾಡು ಕಡಿದು ಹೋಗತಿತ್ತು’ ಅಂತ ಮೊದಲು ಒಂದು ಅಂದಾಜು ಬರೀತಾರ. ಅಂದಾಜು ದೊಡ್ಡದು ಬರೆದಷ್ಟು ಚೀಟಿ ಹೆಚ್ಚು. ಆ ಚೀಟಿಗೇ ಕಾರ್ಬನ್ ಕ್ರೆಡಿಟ್ ಅಂತಾರ, ಒಂದು ಚೀಟಿ ಒಂದು ಟನ್ನಿಗೆ ಸಮ. ಆಫ್ರಿಕಾದ ಜಿಂಬಾಬ್ವೆಯಲ್ಲಿ ಕರಿಬಾ ಅನ್ನೋ ಹೆಸರಿನ ಕಾಡಿನ ಯೋಜನೆಯದು ಇದೇ ಕಥಿ. ಅಂದಾಜು ಮಾಡಿದಷ್ಟು ಕಾಡು ಕಡಿಯೋದು ಅಲ್ಲಿ ನಡೆದೇ ಇರಲಿಲ್ಲ, ಚೀಟಿ ಮಾತ್ರ ಲಕ್ಷಗಟ್ಟಲೆ ಮಾರಾಟ ಆಗಿದ್ದವು. 2023ರಲ್ಲಿ ಪತ್ರಕರ್ತರು ಇದನ್ನ ಬಯಲಿಗೆ ತಂದ ಮ್ಯಾಲ ಚೀಟಿ ಮಾರತಿದ್ದ ಸ್ವಿಟ್ಜರ್ಲೆಂಡಿನ ಕಂಪನಿ ಆ ಯೋಜನೆಯಿಂದ ಹೊರಗ ಬಂತು.

ಮೂರನೇದು ನಮ್ಮ ಕಣ್ಣ ಮುಂದಿಂದು. ಜತ್ತ ತಾಲೂಕಿನ ಗುಡ್ಡದ ಮ್ಯಾಲ ಗಾಳಿ ಪಂಖಾ ತಿರಗೋದನ್ನ ನಾವು ದಿನಾ ನೋಡತೀವಿ. ಅದರ ಕರೆಂಟ್ ಮಾರಿ ಮಾಲಕರು ಗಳಿಸ್ತಾರ, ಅದು ತಪ್ಪಲ್ಲ. ಆದರ ನಮ್ಮ ದೇಶದ ಇಂಥ ಗಾಳಿ ಪಂಖಾಗಳ ಹೆಸರಿನ ಮ್ಯಾಲೂ ಜಗತ್ತಿನ ಪೇಟೆಯೊಳಗ ಚೀಟಿ ಮಾರಾಟ ಆಗ್ಯಾವ. ಕರೆಂಟಿನ ಲಾಭಕ್ಕ ಹೆಂಗೂ ನಿಲ್ಲತಿದ್ದ ಪಂಖಾಕ್ಕ ವಿಮಾನದ ಪ್ರಯಾಣಿಕ ನೂರು ರೂಪಾಯಿ ಕೊಟ್ಟರ ಹೊಗಿ ಹೊಸದಾಗಿ ಏನು ಕಡಿಮಿ ಆತು? ಅತ್ತಿ ಒಡವಿ ಅಳಿಯ ದಾನ ಮಾಡಿದಂಗ ಆತು. ಇಂಥ ಚೀಟಿಗಳ ಗುಣ ಅಳಿಯೋ ಒಂದು ಅಂತರರಾಷ್ಟ್ರೀಯ ಮಂಡಳಿ ಐತಿ. ಅದು 2024ರ ಆಗಸ್ಟ್‌ನಲ್ಲಿ, ಆಗಿನ ಪದ್ಧತಿಯಂತೆ ಬರೆದ ಗಾಳಿ, ಬಿಸಿಲಿನ ಕರೆಂಟಿನ ಚೀಟಿಗಳಿಗೆ ತನ್ನ ಒಳ್ಳೆ ಗುಣದ ಮುದ್ರಿ ಒತ್ತಲಿಲ್ಲ. ಕಾರಣವೂ ಇದೇ.

ಕೋರ್ಟು ಸೈತ ಈ ಮಾತನ್ನ ತೂಗಿ ನೋಡೈತಿ. ನೆದರ್ಲೆಂಡ್ಸಿನ ಕೆಎಲ್‌ಎಂ ವಿಮಾನ ಕಂಪನಿಯ ಜಾಹೀರಾತಿನ 19 ಮಾತುಗಳ ಮ್ಯಾಲ ಅಲ್ಲಿಯ ಪರಿಸರದ ಸಂಘದವರು ದಾವೆ ಹೂಡಿದರು. 2024ರ ಮಾರ್ಚ್ 20ರಂದು ಆಮ್‌ಸ್ಟರ್‌ಡ್ಯಾಮ್ ಕೋರ್ಟು ಅದರೊಳಗಿನ 15 ಮಾತು ಜನರ ದಾರಿ ತಪ್ಪಿಸತಾವ ಅಂತ ತೀರ್ಪು ಕೊಟ್ಟಿತು. ಗಿಡ ಹಚ್ಚೋದು, ಹೊಸ ಎಣ್ಣಿ ಬಳಸೋದು ಹೊಗಿಯನ್ನ ಅಲ್ಪಸ್ವಲ್ಪ ಮಾತ್ರ ತಗ್ಗಿಸತಾವ, ಚಿತ್ರ ಮಾತ್ರ ಬಹಳ ಚಂದ ಬರದಾರ ಅನ್ನೋದು ಕೋರ್ಟಿನ ಅಭಿಪ್ರಾಯದ ಸಾರ. ಇಂಗ್ಲೆಂಡಿನ ಈಜಿಜೆಟ್ ಕಂಪನಿ 2019ರಲ್ಲಿ ತನ್ನ ಎಲ್ಲಾ ವಿಮಾನದ ಎಣ್ಣಿಯ ಹೊಗಿಗೂ ಚೀಟಿ ಕೊಳ್ಳಾಕ ಸುರು ಮಾಡಿ, 2022ರಲ್ಲಿ ತಾನೇ ಬಿಟ್ಟುಬಿಡತೇನಿ ಅಂತ ಹೇಳಿತು.

ಹಂಗಂತ ಗಿಡ ಹಚ್ಚಬಾರದು ಅಂತ ನಾನು ಹೇಳತಿಲ್ಲ. ಕಾಡಿಗೆ ರೊಕ್ಕ ಕೊಡೋದು ಪುಣ್ಯದ ಕೆಲಸ. ಅದನ್ನ ದಾನ ಅನ್ನಲಿ, ಚುಕ್ತಾ ಅನ್ನಬಾರದು. ‘ನಿಮ್ಮ ಪ್ರಯಾಣದಿಂದ ಇಷ್ಟು ಹೊಗಿ ಆತು, ಅದು ಹಂಗೇ ಐತಿ, ಜೊತೆಗೆ ಇಷ್ಟು ರೊಕ್ಕ ಕಾಡಿಗೆ ಕೊಟ್ಟೀರಿ’ ಅಂತ ಬರೆದರ ನನ್ನ ತಕರಾರು ಇಲ್ಲ. ಚುಕ್ತಾ ಅಂದ ಕೂಡಲೇ ಮನುಷ್ಯಾ ಇನ್ನೊಂದು ಸಲ ಹಾರತಾನ. ರೈಲಿನಾಗ ಹೋಗಬಹುದಿತ್ತು ಅನ್ನೋ ವಿಚಾರ ಸೈತ ಬರೋದಿಲ್ಲ. ಹೊಗಿ ಕಡಿಮಿ ಮಾಡೋ ಹೊಸ ಎಣ್ಣಿ 2024ರಲ್ಲಿ ಜಗತ್ತಿನ ವಿಮಾನದ ಎಣ್ಣಿಯೊಳಗ ನೂರಕ್ಕ ಒಂದು ಪಾಲೂ ಆಗಿರಲಿಲ್ಲ. ಸದ್ಯಕ್ಕ ಹೊಗಿ ತಗ್ಗಬೇಕಂದ್ರ ಹಾರೋದು ತಗ್ಗಬೇಕು.

ಇದು ದೂರದ ದೇಶದ ಸುದ್ದಿ ಅಂತ ಓದುಗರು ಪುಟ ತಿರುವಬಾರದು. ಆ ಚೀಟಿಯ ಒಂದು ತುದಿ ವಿಮಾನದಾಗ ಇದ್ದರ ಇನ್ನೊಂದು ತುದಿ ಯಾವುದೋ ಹೊಲದಾಗ ಇರತೈತಿ. ನಮ್ಮ ಕೇಂದ್ರ ಕೃಷಿ ಇಲಾಖೆ 2024ರ ಜನವರಿಯಲ್ಲಿ ರೈತರನ್ನೂ ಈ ಕಾರ್ಬನ್ ಪೇಟೆಗೆ ತರೋ ಚೌಕಟ್ಟು ಪ್ರಕಟ ಮಾಡೈತಿ. ಒಳ್ಳೇದೇ ಆಗಬಹುದು. ಆದರ ಬದುವಿನ ಗಿಡಕ್ಕ ರೊಕ್ಕ ಕೊಡತೀವಿ ಅಂತ ಯಾರಾದರೂ ಊರಿಗೆ ಬಂದರ ನಾಕು ಮಾತು ಕೇಳಬೇಕು. ಕರಾರು ಎಷ್ಟು ವರ್ಷದ್ದು? ನಡುವ ಗಿಡ ಒಣಗಿದರ, ಬೆಂಕಿ ಬಿದ್ದರ ಹೊಣಿ ಯಾರದು? ಮಗಳ ಲಗ್ನಕ್ಕ ಒಂದು ಗಿಡ ಕಡಿಯಾಕ ನನಗ ಹಕ್ಕು ಐತಿ ಏನು? ಚೀಟಿ ಎಷ್ಟಕ್ಕ ಮಾರತೀರಿ, ನನಗ ಎಷ್ಟು?

ಗಡಿಯೊಳಗಿನ ನಮಗ ಇನ್ನೊಂದು ತೊಂದರಿ. ಇಂಥ ಕಾಗದ ಮರಾಠಿಯೊಳಗ ಇಲ್ಲವೇ ಇಂಗ್ಲಿಷಿನೊಳಗ ಬರತಾವ. ಅದಕ್ಕ ಸಹಿ ಮಾಡೋಕಿಂತ ಮೊದಲು ಕಾಗದ ನಮ್ಮ ವಾಚನಾಲಯಕ್ಕ ತರ್ರಿ. ಮಾಸ್ತರುಗಳು ಕನ್ನಡದಾಗ ಓದಿ ಹೇಳಲಿ. ಎಲ್ಲರೂ ಕೂಡಿ ಕೇಳಿ, ಆಮ್ಯಾಲ ಸಹಿಯ ಮಾತು.