ಎಂಟು ಸೆಕೆಂಡಿನ ಪಿಟೀಲು

ಮೆಲ್ಲೊಟ್ರಾನ್ ವಾದ್ಯದ ಮುಚ್ಚಳ ತೆಗೆದು ನೋಡಿದರೆ ಒಳಗೆ ತಂತಿಯೂ ಇಲ್ಲ, ಕೊಳವೆಯೂ ಇಲ್ಲ. ಇರುವುದು ಸಾಲಾಗಿ ಜೋಡಿಸಿದ ಟೇಪಿನ ಪಟ್ಟಿಗಳು, ಒಂದು ಕೀಗೆ ಒಂದರಂತೆ. ಒಂದೊಂದರಲ್ಲೂ ಪಿಟೀಲುಗಳೋ ಕೊಳಲೋ ಗಾಯಕರ ಗುಂಪೋ ಹಿಡಿದು ನಿಲ್ಲಿಸಿದ ಒಂದೇ ಸ್ವರ. ಕೀ ಒತ್ತಿದರೆ ಟೇಪು ಓಡುತ್ತದೆ, ಬಿಟ್ಟರೆ ಸ್ಪ್ರಿಂಗು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಸುಮಾರು ಎಂಟು ಸೆಕೆಂಡಿಗೆ ಟೇಪು ಮುಗಿಯುತ್ತದೆ; ಆಮೇಲೆ ಎಷ್ಟು ಗಟ್ಟಿಯಾಗಿ ಒತ್ತಿದರೂ ಸದ್ದಿಲ್ಲ. ಹಾಗಾಗಿ ನುಡಿಸುವವರು ಎಂಟು ಸೆಕೆಂಡು ತುಂಬುವ ಮೊದಲೇ ಬೆರಳು ಬದಲಿಸಬೇಕು. ನಾದ ಕಡಿಯಬಾರದೆಂದರೆ ಎಲ್ಲ ಸ್ವರಗಳನ್ನೂ ಒಟ್ಟಿಗೆ ಬಿಡದೆ, ಒಂದನ್ನು ಹಿಡಿದುಕೊಂಡೇ ಇನ್ನೊಂದನ್ನು ಸರಿಸಬೇಕು. ಒಳಗಿನ ಎಳೆಗಳು ಹೀಗೆ ಒಂದೊಂದಾಗಿ ಸರಿಯುವ ಕ್ರಮ ಯುರೋಪಿನ ಚರ್ಚ್ ಸಂಗೀತದ ಬಲು ಹಳೆಯ ಪಾಠ. ಅರವತ್ತರ ದಶಕದ ಇಂಗ್ಲೆಂಡಿನ ರಾಕ್ ಹುಡುಗರಿಗೆ ಆ ಪಾಠ ಹೇಳಿಕೊಟ್ಟದ್ದರಲ್ಲಿ ಈ ಯಂತ್ರದ ಪಾಲೂ ಇದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

1967ರಿಂದ ಸುಮಾರು ಹತ್ತು ವರ್ಷ ಹುಲುಸಾಗಿ ಬೆಳೆದ ಪ್ರೋಗ್ರೆಸಿವ್ ರಾಕ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಆರ್ಕೆಸ್ಟ್ರಾದಿಂದ ಶುರುಮಾಡುತ್ತಾರೆ. ಅಲ್ಲಿಂದ ಹೊರಟರೆ ದಾರಿ ತಪ್ಪುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ರಾಕ್‌ನ ಮೈಯೊಳಗೆ ಇಳಿದದ್ದು ನಾಲ್ಕೈದು ಜನ ತಮ್ಮದೇ ವಾದ್ಯಗಳ ಮೇಲೆ ಆ ರೀತಿ ಯೋಚಿಸಲು ಕಲಿತಾಗ. ಆರ್ಕೆಸ್ಟ್ರಾ ಬಂದು ಪಕ್ಕದಲ್ಲಿ ಕೂತಾಗಲೆಲ್ಲ ಎರಡೂ ಸಂಗೀತಗಳು ಕೊಂಚ ಬಡವಾದವು.

ಮೂಡಿ ಬ್ಲೂಸ್ ತಂಡದ ‘ಡೇಸ್ ಆಫ್ ಫ್ಯೂಚರ್ ಪಾಸ್ಡ್’ (1967) ಆಲ್ಬಮ್ಮನ್ನೇ ತೆಗೆದುಕೊಳ್ಳಿ. ಬೆಳಗಿನಿಂದ ರಾತ್ರಿಯವರೆಗಿನ ಒಂದು ದಿನ ಅದರ ವಸ್ತು; ಜೊತೆಗೆ ಪೀಟರ್ ನೈಟ್ ನಡೆಸಿದ ಲಂಡನ್ ಫೆಸ್ಟಿವಲ್ ಆರ್ಕೆಸ್ಟ್ರಾ. ಎರಡು ಪರಂಪರೆಗಳ ಸಂಗಮ ಎಂದು ಇವತ್ತಿಗೂ ಹೊಗಳುತ್ತಾರೆ. ಆದರೆ ತಂಡವೂ ಆರ್ಕೆಸ್ಟ್ರಾವೂ ಒಟ್ಟಿಗೆ ನುಡಿಸುವ ಜಾಗಗಳು ಅದರಲ್ಲಿ ಬಹಳ ಕಡಿಮೆ. ಹಾಡು ಮುಗಿಯುತ್ತದೆ, ಆರ್ಕೆಸ್ಟ್ರಾ ಬರುತ್ತದೆ. ಅದು ಮುಗಿದರೆ ಮುಂದಿನ ಹಾಡು. ನಡುವಿನ ಆ ಭಾಗಗಳು ಸೊಗಸಾಗಿವೆ, ಆದರೆ ಸಿನಿಮಾದ ಹಿನ್ನೆಲೆ ಸಂಗೀತದಷ್ಟೇ ಸೊಗಸು. ‘ನೈಟ್ಸ್ ಇನ್ ವೈಟ್ ಸ್ಯಾಟಿನ್’ ಹಾಡಿನೊಳಗೆ ಎದೆ ತುಂಬಿ ಬರುವ ಪಿಟೀಲುಗಳು ಆರ್ಕೆಸ್ಟ್ರಾದವಲ್ಲ. ಅವು ಮೈಕ್ ಪಿಂಡರ್ ನುಡಿಸಿದ ಮೆಲ್ಲೊಟ್ರಾನ್‌ನವು. ಪಿಂಡರ್ ಹಿಂದೆ ಆ ವಾದ್ಯದ ಕಾರ್ಖಾನೆಯಲ್ಲೇ ಕೆಲಸ ಮಾಡಿದ್ದವರು. ಅದರ ಹಟಮಾರಿತನ ಅವರಿಗೆ ಗೊತ್ತಿತ್ತು. ಐವತ್ತು ವರ್ಷ ದಾಟಿದ ಮೇಲೂ ಜನ ಗುನುಗುವುದು ಆ ಟೇಪಿನ ಪಿಟೀಲನ್ನು.

ಜಾನ್ ಲಾರ್ಡ್ ಇನ್ನೂ ದೊಡ್ಡ ಸಾಹಸಕ್ಕೆ ಕೈಹಾಕಿದರು. 1969ರ ಸೆಪ್ಟೆಂಬರ್ 24ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವರ ಡೀಪ್ ಪರ್ಪಲ್ ತಂಡ ಮತ್ತು ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ, ಮಾಲ್ಕಮ್ ಆರ್ನಾಲ್ಡ್ ನಿರ್ದೇಶನದಲ್ಲಿ, ಲಾರ್ಡ್ ಅವರೇ ಬರೆದ ಮೂರು ಭಾಗಗಳ ಕಾನ್ಸರ್ಟೊ ನುಡಿಸಿದವು. (ಆ ಸಭಾಂಗಣದ ಜೊತೆ ನಮಗೂ ಒಂದು ನಂಟಿದೆ. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಅಲ್ಲಿ ಮೊದಲ ಬಾರಿಗೆ ಕೇಳಿಬಂದಾಗ ಆ ಕಛೇರಿಯ ಖರ್ಚಿಗೆ ಒತ್ತಾಸೆಯಾಗಿ ನಿಂತವರು ಮೈಸೂರಿನ ಜಯಚಾಮರಾಜ ಒಡೆಯರು.) ತಂಡ ಮತ್ತು ಆರ್ಕೆಸ್ಟ್ರಾವನ್ನು ಮೊದಲ ಭಾಗದಲ್ಲಿ ಎದುರಾಳಿಗಳಂತೆ ನಿಲ್ಲಿಸಬೇಕು, ಆಮೇಲೆ ಬೆಸೆಯಬೇಕು ಎಂಬುದು ಲಾರ್ಡ್ ಯೋಜನೆ. ಜಗಳವೇನೋ ಚೆನ್ನಾಗಿ ಕೇಳಿಸುತ್ತದೆ, ಬೆಸುಗೆ ಕೇಳಿಸುವುದಿಲ್ಲ. ಗಿಟಾರಿನ ಸರದಿ ಬಂದಾಗ ಪಿಟೀಲುಗಳು ಕೈಕಟ್ಟಿ ಕೂರುತ್ತವೆ. ಅವುಗಳ ಸರದಿಯಲ್ಲಿ ತಂಡ ಕಾಯುತ್ತದೆ. ಆದರೂ ಈ ಕೃತಿಯನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಾಗದು. ಅದರ ಸ್ವರಲಿಪಿಯ ಪ್ರತಿ 1970ರಲ್ಲೇ ಕಳೆದುಹೋಯಿತು. ಡಚ್ ಸಂಯೋಜಕರೊಬ್ಬರು ಹಳೆಯ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿ, ಒಂದೊಂದು ವಾದ್ಯದ ಪಾಲನ್ನೂ ಕಿವಿಯಿಂದಲೇ ಹೆಕ್ಕಿ ಬರೆದರು. ಲಾರ್ಡ್ ಅದನ್ನು ತಿದ್ದಿಕೊಂಡು 1999ರಲ್ಲಿ ಅದೇ ಹಾಲ್‌ನಲ್ಲಿ ಮತ್ತೆ ನುಡಿಸಿದರು. ಅಷ್ಟು ಪ್ರೀತಿ ಹುಟ್ಟಿಸಿದ ಕೃತಿಯನ್ನು ಬರೀ ಸೋಲು ಅನ್ನುವುದು ಹೇಗೆ?

ಇನ್ನು ಕಡ ತಂದ ರಾಗಗಳ ವಿಚಾರ. ಪ್ರೋಕಲ್ ಹ್ಯಾರಮ್ ತಂಡದ ‘ಎ ವೈಟರ್ ಶೇಡ್ ಆಫ್ ಪೇಲ್’ (1967) ಕೇಳಿದವರೆಲ್ಲ ಬಾಖ್ ಹೆಸರು ಎತ್ತುತ್ತಾರೆ. ಮ್ಯಾಥ್ಯೂ ಫಿಶರ್ ತಮ್ಮ ಹ್ಯಾಮಂಡ್ ಆರ್ಗನ್ನಿನಲ್ಲಿ ಬಾಖ್‌ರ ಯಾವ ಕೃತಿಯನ್ನೂ ಇಡಿಯಾಗಿ ಎತ್ತಿಕೊಂಡಿಲ್ಲ. ಕೆಳಗೆ ಬೇಸ್ ಮೆಟ್ಟಿಲಿಳಿದಂತೆ ಒಂದೊಂದೇ ಸ್ವರ ಇಳಿಯುತ್ತದೆ, ಮೇಲೆ ಆರ್ಗನ್ನಿನ ಎಳೆ ಅವಸರವಿಲ್ಲದೆ ತೇಲುತ್ತದೆ. ಬಾಖ್ ಇರುವುದು ಆ ನಡಿಗೆಯಲ್ಲಿ. ಹಾಡಿನ ರಚನೆಯಲ್ಲಿ ಆ ಆರ್ಗನ್ನಿಗೂ ಪಾಲಿದೆ ಎಂಬ ಫಿಶರ್ ವಾದವನ್ನು 2009ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಎತ್ತಿಹಿಡಿದದ್ದು ಸಂಗೀತದ ದೃಷ್ಟಿಯಿಂದಲೂ ಸರಿಯಾದ ತೀರ್ಪು.

ಕೀತ್ ಎಮರ್ಸನ್ ವಿಷಯ ಇಷ್ಟು ಸರಳವಲ್ಲ. ಹ್ಯಾಮಂಡ್ ಆರ್ಗನ್ನಿನ ಕೀಗಳ ಸಂದಿಯಲ್ಲಿ ಚಾಕು ಸಿಕ್ಕಿಸಿ, ಒಂದು ಸ್ವರ ಬಿಡದೆ ಮೊಳಗುವಂತೆ ಮಾಡಿ, ಕೈ ಬಿಡಿಸಿಕೊಂಡು ಮತ್ತೊಂದು ಕೀಬೋರ್ಡಿನತ್ತ ಜಿಗಿಯುತ್ತಿದ್ದವರು ಅವರು. ಫೋಟೊ ತೆಗೆದವರಿಗೆ ಕಂಡದ್ದು ಚಾಕು. ನನ್ನ ಕಿವಿಗೆ ಬೀಳುವುದು ಆ ಬಿಡದ ಆಧಾರ ಸ್ವರ. ಎಮರ್ಸನ್, ಲೇಕ್ ಅಂಡ್ ಪಾಮರ್ ತಂಡದ ಮೊದಲ ಆಲ್ಬಮ್ಮಿನಲ್ಲಿ (1970) ಬಾರ್ಟೋಕ್‌ರ ‘ಅಲೆಗ್ರೊ ಬಾರ್ಬರೊ’ ಇದೆ, ಯಾನಾಚೆಕ್‌ರ ‘ಸಿನ್ಫೊನಿಯೆಟ್ಟಾ’ ಇದೆ, ಬಾಖ್ ಇದ್ದಾರೆ. ಮೊದಲ ಮುದ್ರಣದ ಹೊದಿಕೆಯ ಮೇಲೆ ಮಾತ್ರ ಆ ಹೆಸರುಗಳಿರಲಿಲ್ಲ. ಅದು ತಪ್ಪು, ಆಮೇಲೆ ತಿದ್ದಿದ್ದರೂ ತಪ್ಪೇ. ಆದರೆ ಬಾರ್ಟೋಕ್‌ರ ಆಯ್ಕೆ ಎಷ್ಟು ಚುರುಕಾದದ್ದು! 1911ರಲ್ಲೇ ಪಿಯಾನೊವನ್ನು ತಮಟೆಯಂತೆ ಬಾರಿಸಿದ ಆ ಕೃತಿ ರಾಕ್ ತಂಡಕ್ಕೆಂದೇ ಕಾಯುತ್ತಿದ್ದಂತೆ ಕೇಳುತ್ತದೆ.

ಮುಸೋರ್ಗ್‌ಸ್ಕಿಯವರ ‘ಪಿಕ್ಚರ್ಸ್ ಅಟ್ ಆನ್ ಎಕ್ಸಿಬಿಷನ್’ ಕೃತಿಯನ್ನು ಈ ತಂಡ 1971ರ ಮಾರ್ಚಿನಲ್ಲಿ ನ್ಯೂಕಾಸಲ್ ಸಿಟಿ ಹಾಲ್‌ನಲ್ಲಿ ನುಡಿಸಿ ಮುದ್ರಿಸಿತು. ಎಮರ್ಸನ್ ಮೊದಲ ಭಾಗವನ್ನು ಆ ಹಾಲ್‌ನ ದೊಡ್ಡ ಪೈಪ್ ಆರ್ಗನ್ನಿನಲ್ಲಿ ನುಡಿಸುತ್ತಾರೆ. ಅವರು ಎದ್ದು ತಮ್ಮ ಕೀಬೋರ್ಡುಗಳ ಹತ್ತಿರ ಬಂದು ಸೇರುವವರೆಗೂ ಕಾರ್ಲ್ ಪಾಮರ್ ಡ್ರಮ್ಮಿನ ಮೇಲೆ ಉರುಳಿಕೆ ಹಿಡಿದು ನಿಲ್ಲಿಸುತ್ತಾರೆ. ಆ ಕೆಲವೇ ಕ್ಷಣಗಳಲ್ಲಿ ಚರ್ಚಿನಿಂದ ರಾಕ್ ವೇದಿಕೆಗೆ ಒಬ್ಬ ಮನುಷ್ಯ ನಡೆದುಬರುವ ಸದ್ದಿಲ್ಲದ ಹೆಜ್ಜೆ ನನಗೆ ಕೇಳಿಸುತ್ತದೆ. ಒಟ್ಟು ಪ್ರಯೋಗ ಮಾತ್ರ ಏರುಪೇರಿನದು. ಮುಸೋರ್ಗ್‌ಸ್ಕಿಯ ಚಿತ್ರಗಳ ನಡುವೆ ತೂರಿಸಿದ ಬ್ಲೂಸ್ ಭಾಗ ಅಂಗಡಿಯ ಮುಂದೆ ನಿಲ್ಲಿಸಿದ ಗಾಡಿಯಂತೆ ಹೊರಗೇ ಉಳಿಯುತ್ತದೆ.

ಈ ತಂಡದ ನಿಜವಾದ ಸಾಧನೆ ಯಾರಿಂದಲೂ ಕಡ ತರದ ‘ಟಾರ್ಕಸ್’ (1971). ಎಲ್‌ಪಿಯ ಒಂದು ಇಡೀ ಮಗ್ಗುಲು, ಇಪ್ಪತ್ತು ನಿಮಿಷ. ಆರಂಭದಲ್ಲಿ ಎಡಗೈ ಐದರ ಎಣಿಕೆಯಲ್ಲಿ ಒಂದೇ ಸ್ವರಗುಚ್ಛವನ್ನು ಬಿಡದೆ ತಿರುಗಿಸುತ್ತಿರುತ್ತದೆ. ಬಲಗೈ ಅದರ ಮೇಲೆ ಗಡುಸಾದ ಸ್ವರಮೇಳಗಳನ್ನು ಎತ್ತಿ ಎತ್ತಿ ಹಾಕುತ್ತದೆ. ಬಾರ್ಟೋಕ್‌ರನ್ನೂ ಅರ್ಜೆಂಟೀನಾದ ಹಿನಾಸ್ತೆರಾ ಅವರನ್ನೂ ನುಡಿಸಿ ಪಳಗಿದ ಕೈಯದು, ಆದರೆ ಅವರ ಒಂದು ಸಾಲೂ ಇಲ್ಲಿಲ್ಲ. ಜಪಾನಿನ ಸಂಯೋಜಕ ತಕಾಶಿ ಯೊಶಿಮಾತ್ಸು 2010ರಲ್ಲಿ ಇದನ್ನು ಆರ್ಕೆಸ್ಟ್ರಾಕ್ಕೆ ಅಳವಡಿಸಿದಾಗ ಕಡದ ದಿಕ್ಕೇ ಬದಲಾಯಿತು.

ಯೆಸ್ ತಂಡ ಕಚೇರಿ ಶುರುಮಾಡುವ ಮುನ್ನ ಸ್ಟ್ರಾವಿನ್‌ಸ್ಕಿಯ ‘ಫೈರ್‌ಬರ್ಡ್’ ಧ್ವನಿಮುದ್ರಣ ಹಾಕುತ್ತಿತ್ತು. ರಿಕ್ ವೇಕ್‌ಮನ್ ಬ್ರಾಮ್ಸ್‌ರ ನಾಲ್ಕನೆಯ ಸಿಂಫನಿಯ ಒಂದು ಭಾಗವನ್ನು ಕೀಬೋರ್ಡುಗಳಲ್ಲಿ ನುಡಿಸಿ ‘ಫ್ರಜೈಲ್’ ಆಲ್ಬಮ್ಮಿಗೆ ಸೇರಿಸಿದರು, ಅದರಲ್ಲಿ ಹೇಳುವಂಥದ್ದೇನಿಲ್ಲ. ಮರುವರ್ಷದ ‘ಕ್ಲೋಸ್ ಟು ದಿ ಎಡ್ಜ್’ (1972) ಬೇರೆಯೇ ಮಾತು. ನೀರು ಮತ್ತು ಹಕ್ಕಿಗಳ ಸದ್ದಿನಿಂದ ಹೊರಟು ಹದಿನೆಂಟು ನಿಮಿಷಗಳ ನಂತರ ಅಲ್ಲಿಗೇ ಬರುವ ಈ ಕೃತಿಯಲ್ಲಿ ಮೊದಲು ಕೇಳಿದ ಹಾಡಿನ ಸಾಲು ಬೇರೆ ಬೇರೆ ಲಯಗಳಲ್ಲಿ ಮರಳುತ್ತದೆ. ನಡುವೆ ಎಲ್ಲ ಶಾಂತವಾಗಿ, ಚರ್ಚಿನ ಆರ್ಗನ್ ಎದ್ದು ನಿಂತು, ಕೊನೆಗೆ ಅದೇ ಸಾಲು ತುಂಬುಮೈಯಲ್ಲಿ ವಾಪಸಾಗುತ್ತದೆ. ಚಿಕ್ಕದೊಂದು ಬೀಜವನ್ನು ದೊಡ್ಡ ಹರವಿನಲ್ಲಿ ಬೆಳೆಸುವ ಸಿಂಫನಿಯ ವಿದ್ಯೆ ಅವರಿಗೆ ಒಲಿದದ್ದು ಇಲ್ಲಿ, ಬ್ರಾಮ್ಸ್‌ರ ನಕಲಿನಲ್ಲಲ್ಲ.

ಅದೇ ವರ್ಷ ಜೆನೆಸಿಸ್ ತಂಡದ ‘ಸಪ್ಪರ್ಸ್ ರೆಡಿ’ ಬಂತು. ಅದರ ಕೊನೆಯ ಹೊತ್ತಿಗೆ ಗಿಟಾರ್ ಮತ್ತು ಬೇಸ್ ಮೂರೇ ಮೂರು ಸ್ವರಗಳನ್ನು ಒಂಬತ್ತರ ಎಣಿಕೆಯಲ್ಲಿ ಕುಟ್ಟುತ್ತಾ ಕೂರುತ್ತವೆ. ಟೋನಿ ಬ್ಯಾಂಕ್ಸ್ ಅದರ ಮೇಲೆ ಆರ್ಗನ್ನಿನಲ್ಲಿ ಎಲ್ಲೆಲ್ಲಿಗೋ ಹೋಗುತ್ತಾರೆ, ಕೆಲವೊಮ್ಮೆ ಆ ಎಣಿಕೆಯನ್ನೇ ದಾಟಿ. ಶ್ರುತಿಯ ಮೇಲೆ ಸಂಗೀತ ಕೇಳಿ ಬೆಳೆದ ನಮ್ಮ ಕಿವಿಗೆ ಇದು ಬೇಗ ಒಗ್ಗುತ್ತದೆ. ಆಧಾರ ಅಲ್ಲಾಡದು, ಆದರೆ ಮೇಲಿನ ಸ್ವರಮೇಳ ಬದಲಾದಂತೆಲ್ಲ ಆಧಾರದ ಬಣ್ಣವೇ ಬದಲಾಗುತ್ತದೆ. ಪೀಟರ್ ಗೇಬ್ರಿಯಲ್ ಧ್ವನಿ ಎತ್ತುವ ಹೊತ್ತಿಗೆ ಅದುವರೆಗಿನ ಬಿಗಿಯೆಲ್ಲ ಒಮ್ಮೆಲೇ ಸಡಿಲುತ್ತದೆ. ಎಷ್ಟು ಸಲ ಕೇಳಿದ್ದರೂ ಅಲ್ಲಿ ನನ್ನ ಗಂಟಲು ಕಟ್ಟುತ್ತದೆ.

ಪಂಕ್ ಕಾಲದ ವಿಮರ್ಶಕರು ಈ ಸಂಗೀತವನ್ನು ದೊಡ್ಡಸ್ತಿಕೆಯ ಪ್ರದರ್ಶನ ಎಂದರು. ದುಡಿಯುವ ಜನರ ಲಯವನ್ನು ಕಾಲೇಜು ಓದಿದವರು ಕಸಿದುಕೊಂಡರು ಎಂದರು. 1977ರಲ್ಲಿ ಎಮರ್ಸನ್ ತಂಡ ಎಪ್ಪತ್ತರಷ್ಟು ವಾದಕರ ಆರ್ಕೆಸ್ಟ್ರಾವನ್ನು ಪ್ರವಾಸಕ್ಕೆ ಕರೆದೊಯ್ದು, ಖರ್ಚು ತಾಳಲಾರದೆ ನಡುದಾರಿಯಲ್ಲೇ ಕೈಬಿಟ್ಟಾಗ ಆ ಮಾತಿಗೆ ಪುಷ್ಟಿ ಸಿಕ್ಕಿತು. ಆ ಪ್ರವಾಸದ ಬಗ್ಗೆ ವಿಮರ್ಶಕರು ಹೇಳಿದ್ದು ಸರಿ. ಆದರೆ ತಪ್ಪನ್ನು ಶಾಸ್ತ್ರೀಯ ಸಂಗೀತದ ತಲೆಗೆ ಕಟ್ಟಿದ್ದು ಅನ್ಯಾಯ. ಈ ಸಂಗೀತಗಾರರಲ್ಲಿ ಹಲವರು ಸಂಡೇ ಸ್ಕೂಲಿನ ಕೀರ್ತನೆ, ಶಾಲೆಯ ಪ್ರಾರ್ಥನೆ, ಪಕ್ಕದ ಬೀದಿಯ ಪಿಯಾನೊ ಪಾಠ ಕೇಳಿಕೊಂಡೇ ಬೆಳೆದವರು. ಬಾಖ್ ಅವರಿಗೆ ಹೊರಗಿನವರಾಗಿರಲಿಲ್ಲ.

ಇದಕ್ಕೆ ಸಾಕ್ಷಿ ಬೇಕೆಂದರೆ ಜೆಂಟಲ್ ಜಯಂಟ್ ತಂಡವನ್ನು ಕೇಳಬೇಕು. ಶುಲ್ಮನ್ ಸೋದರರು ಅದಕ್ಕೂ ಮೊದಲು ಪಾಪ್ ಹಾಡುಗಳ ತಂಡ ನಡೆಸುತ್ತಿದ್ದವರು. ಕೆರಿ ಮಿನಿಯರ್ ರಾಯಲ್ ಅಕಾಡೆಮಿಯಲ್ಲಿ ಸಂಯೋಜನೆ ಕಲಿತು ಬಂದವರು. ಈ ತಂಡದ ‘ಆನ್ ರಿಫ್ಲೆಕ್ಷನ್’ (1975) ವಾದ್ಯಗಳ ಹಂಗಿಲ್ಲದೆ ಬರೀ ಕಂಠದಿಂದ ಶುರುವಾಗುತ್ತದೆ. ಒಬ್ಬರು ಒಂದು ಸಾಲು ಹಾಡುತ್ತಾರೆ. ಅವರು ಮುಂದುವರಿಯುತ್ತಿರುವಾಗಲೇ ಎರಡನೆಯವರು ಅದೇ ಸಾಲನ್ನು ಎತ್ತಿಕೊಳ್ಳುತ್ತಾರೆ, ಆಮೇಲೆ ಮೂರನೆಯವರು, ನಾಲ್ಕನೆಯವರು. ನಾಲ್ಕೂ ಧ್ವನಿಗಳು ಒಂದರೊಳಗೊಂದು ಹೆಣೆದುಕೊಂಡರೂ ಯಾವ ಎಳೆಯೂ ಕಳೆದುಹೋಗುವುದಿಲ್ಲ. ನಡುವೆ ಮಿನಿಯರ್ ಮೆಲುದನಿಯಲ್ಲಿ ಒಬ್ಬರೇ ಹಾಡುವ ಭಾಗ ಬಂದು ಹೋಗುತ್ತದೆ. ಆಮೇಲೆ ಕಂಠಗಳು ಹಾಡಿದ್ದ ಅದೇ ಹೆಣಿಗೆಯನ್ನು ಕೀಬೋರ್ಡು, ಗಿಟಾರ್, ಬೇಸ್ ಎತ್ತಿಕೊಳ್ಳುತ್ತವೆ, ಕೆಳಗಿನಿಂದ ಡ್ರಮ್ಸ್ ಬಂದು ಸೇರುತ್ತದೆ. ಸಾಲು ಅದೇ, ಹೆಣಿಗೆ ಅದೇ. ಕೂತಲ್ಲೇ ಕಾಲು ತಾಳ ಹಾಕತೊಡಗಿರುತ್ತದೆ.