ಜಿನೋವಿಯೆವ್ ಪತ್ರದ ಪ್ರಾಮಾಣ್ಯವಿಚಾರ

ಕೂಟಶಾಸನವನ್ನು ರಚಿಸುವವನನ್ನು ಧರ್ಮಶಾಸ್ತ್ರಕಾರರು ಘೋರಾಪರಾಧಿಗಳ ಸಾಲಿನಲ್ಲಿ ಎಣಿಸಿರುವರು. ಅಲ್ಲಿ ಸುಳ್ಳು ಲೇಖವನ್ನು ಬರೆದವನು ಬೇರೆ, ಅದರಿಂದ ವಂಚಿತನಾದ ದೊರೆ ಬೇರೆ. ಆದರೆ ರಾಜ್ಯಾಧಿಕಾರವೇ ಕೂಟಲೇಖವೊಂದಕ್ಕೆ ತನ್ನ ಮುದ್ರೆಯನ್ನೊತ್ತಿ ಪ್ರಜೆಗಳ ಕೈಗೆ ಕೊಟ್ಟಲ್ಲಿ, ಅದನ್ನು ಯಾವ ಪ್ರಮಾಣದಿಂದ ಪರೀಕ್ಷಿಸತಕ್ಕದ್ದು? 1924ರ ಬ್ರಿಟಿಷ್ ಚುನಾವಣೆಯ ಕಾಲದಲ್ಲಿ ಪ್ರಕಟವಾದ ಜಿನೋವಿಯೆವ್ ಪತ್ರವು ಈ ಪ್ರಶ್ನೆಯನ್ನು ಸ್ಫುಟವಾಗಿ ಮುಂದಿಡುತ್ತದೆ.

ವೃತ್ತಾಂತವು ಸಂಕ್ಷೇಪವಾಗಿ ಹೀಗಿದೆ. ರಾಮ್ಸೆ ಮ್ಯಾಕ್‌ಡೊನಾಲ್ಡರ ಲೇಬರ್ ಮಂತ್ರಿಮಂಡಲವು 1924ರ ಆಗಸ್ಟಿನಲ್ಲಿ ಸೋವಿಯತ್ ರಷ್ಯದೊಡನೆ ಕೌಲುಗಳನ್ನು ಮಾಡಿಕೊಂಡು, ಅಕ್ಟೋಬರ್ 8ರಂದು ಪಾರ್ಲಿಮೆಂಟಿನಲ್ಲಿ ಸೋತು, ಚುನಾವಣೆಯನ್ನು ಎದುರಿಸಬೇಕಾಯಿತು. ಆಗ ರಿಗಾ ನಗರದ ಬ್ರಿಟಿಷ್ ಗುಪ್ತಚರ ಶಾಖೆಯಿಂದ ಲಂಡನ್ನಿಗೆ ಒಂದು ಪತ್ರದ ಪ್ರತಿ ಬಂದಿತು. ಸೆಪ್ಟೆಂಬರ್ 15ರ ಮಿತಿಯನ್ನು ಹೊತ್ತ ಆ ಪತ್ರವನ್ನು ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್ ಸಂಸ್ಥೆಯ ಮುಖ್ಯಸ್ಥನಾದ ಜಿನೋವಿಯೆವನು ಬ್ರಿಟನ್ನಿನ ಕಮ್ಯುನಿಸ್ಟ್ ಪಕ್ಷಕ್ಕೆ ಬರೆದನೆಂದು ಹೇಳಲಾಯಿತು. ಕೌಲುಗಳ ಪರವಾಗಿ ಕಾರ್ಮಿಕರನ್ನು ಎಬ್ಬಿಸಬೇಕು, ಸೈನ್ಯದೊಳಗೆ ಗುಪ್ತ ಕೂಟಗಳನ್ನು ಕಟ್ಟಬೇಕು ಎಂಬುದು ಅದರ ಸಾರ. ವಿದೇಶಾಂಗ ಕಛೇರಿಯು ಪ್ರತಿಭಟನೆಯ ಕರಡನ್ನು ಸಿದ್ಧಪಡಿಸಿತು. ಮ್ಯಾಕ್‌ಡೊನಾಲ್ಡರು ಅದನ್ನು ತಿದ್ದಿ ಕಳುಹಿಸಿದರೇ ಹೊರತು ಅಂಗೀಕಾರದ ಸಹಿಯನ್ನು ಹಾಕಿರಲಿಲ್ಲ. ಆದಾಗ್ಯೂ ಅದು 24ರಂದು ಹೊರಬಿದ್ದಿತು. 25ರಂದು ಡೈಲಿ ಮೇಲ್ ಪತ್ರಿಕೆಯು ಮೂಲಲೇಖವೆಂಬುದನ್ನೇ ಅಚ್ಚುಮಾಡಿತು. 29ರಂದು ಚುನಾವಣೆ ನಡೆಯಿತು.

ಪತ್ರದ ಅಂತರಂಗಪರೀಕ್ಷೆಯನ್ನು ಮೊದಲು ಕೈಕೊಂಡವರು ಆರೋಪಿತರೇ. ಶಿರೋನಾಮೆಯಲ್ಲಿ ಸಂಸ್ಥೆಯ ಹೆಸರು ‘ಮೂರನೆಯ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್’ ಎಂದಿರುವುದು ತಪ್ಪೆಂದೂ, ಸಹಿಯ ಕೆಳಗಿನ ಪದವಿ ತನ್ನದಲ್ಲವೆಂದೂ, ಆ ದಿನ ತಾನು ಕಿಸ್ಲೊವೊದ್‌ಸ್ಕಿನಲ್ಲಿ ವಿಶ್ರಾಂತಿಯಲ್ಲಿದ್ದನೆಂದೂ ಜಿನೋವಿಯೆವನು ಸಾರಿದನು. ಈ ಹೇತುಗಳು ಉಪೇಕ್ಷಣೀಯವಲ್ಲ. ಆದರೆ ಆರೋಪಿತನ ಮಾತು ಸ್ವಪಕ್ಷಸಾಧಕವಾದುದರಿಂದ ಅದೊಂದನ್ನೇ ನಂಬಿ ನಿರ್ಣಯಿಸುವುದು ಯುಕ್ತವಾಗಲಾರದು.

ಪ್ರತಿಪಕ್ಷದವರ ಮುಖ್ಯ ಹೇತುವೆಂದರೆ ಸಾದೃಶ್ಯ. ಆ ಸಂಸ್ಥೆಯ ನಿಜವಾದ ಪತ್ರಗಳಲ್ಲಿಯೂ ಇಂಥ ಮಾತುಗಳೇ ಇದ್ದುವು; ಆದುದರಿಂದ ಇದೂ ನಿಜವೆಂದು ಅವರು ವಾದಿಸಿದರು. ತಾರ್ಕಿಕರು ಸವ್ಯಭಿಚಾರವೆಂದು ಕರೆಯುವ ಹೇತ್ವಾಭಾಸವು ಇದೇ. ಸಾದೃಶ್ಯವು ನಿಜಪತ್ರದಲ್ಲಿರುವಂತೆ ಕೂಟಪತ್ರದಲ್ಲಿಯೂ ಇರುತ್ತದೆ. ಅಷ್ಟೇ ಅಲ್ಲ, ಕೂಟಕಾರನ ಸಮಸ್ತ ಪ್ರಯತ್ನವೂ ಅದನ್ನು ಸಾಧಿಸುವುದಕ್ಕಾಗಿಯೇ. ಎರಡು ಕಡೆಯೂ ಕಾಣಿಸುವ ಹೇತುವು ಯಾವ ಕಡೆಯನ್ನೂ ಸಿದ್ಧಪಡಿಸಲಾರದು.

ಆದುದರಿಂದ ನಿರ್ಣಾಯಕವಾದುದು ಬಹಿರಂಗಪ್ರಮಾಣ, ಎಂದರೆ ಮೂಲಪ್ರತಿ. ಲಂಡನ್ನಿಗೆ ಬಂದದ್ದು ಇಂಗ್ಲಿಷ್ ಪಾಠ ಮಾತ್ರ. ಸಹಿಯುಳ್ಳ ಮೂಲವು ಎಂದೂ ಸಿಕ್ಕಲಿಲ್ಲ. ಮ್ಯಾಕ್‌ಡೊನಾಲ್ಡರ ಮಂತ್ರಿಸಮಿತಿಯು ಮೂಲವನ್ನು ಕಾಣದ ಕಾರಣ ನಿರ್ಣಯಿಸಲಾಗದೆಂದು ಹೇಳಿ ಅಧಿಕಾರವನ್ನು ಬಿಟ್ಟಿತು. ಅನಂತರ ಬಂದ ಬಾಲ್ಡ್‌ವಿನ್ನರ ಸರ್ಕಾರದಲ್ಲಿ ಆಸ್ಟಿನ್ ಚೇಂಬರ್ಲೇನರ ಸಮಿತಿಯು, ಅದೇ ಮೂಲವನ್ನು ತಾನೂ ಕಾಣದೆಯೇ, ಪತ್ರವು ನಿಸ್ಸಂದೇಹವಾಗಿ ನಿಜವೆಂದು ತೀರ್ಮಾನಿಸಿತು. ಗುಪ್ತಚರರ ಮಾತನ್ನು ಆಪ್ತವಾಕ್ಯವೆಂದು ಗ್ರಹಿಸಿದುದೇ ಇದಕ್ಕೆ ಕಾರಣ. ವಿಷಯವನ್ನು ತಾನೇ ತಿಳಿದು ಯಥಾರ್ಥವಾಗಿ ನುಡಿಯುವವನು ಆಪ್ತನೇ ಹೊರತು, ಅಧಿಕಾರದಲ್ಲಿರುವ ಮಾತ್ರದಿಂದ ಯಾರೂ ಆಪ್ತರಾಗುವುದಿಲ್ಲ.

1999ರಲ್ಲಿ ಬ್ರಿಟಿಷ್ ವಿದೇಶಾಂಗ ಕಛೇರಿಯ ಇತಿಹಾಸಕಾರ್ತಿ ಗಿಲ್ ಬೆನೆಟ್ಟರು ಗುಪ್ತ ದಫ್ತರಗಳನ್ನೂ ಮಾಸ್ಕೋವಿನ ಕಡತಗಳನ್ನೂ ಶೋಧಿಸಿ ಪ್ರಕಟಿಸಿದ ವರದಿಯು ಈ ಚರ್ಚೆಯಲ್ಲಿ ಶ್ಲಾಘ್ಯವಾದ ಕೃತಿ. ಪತ್ರವು ಬಹುಶಃ ಬೊಲ್ಷೆವಿಕರ ವಿರೋಧಿಗಳಾಗಿ ದೇಶಭ್ರಷ್ಟರಾದ ರಷ್ಯನ್ನರ ಕೂಟರಚನೆಯೆಂದೂ, ಗುಪ್ತಚರ ವಲಯದಲ್ಲಿ ಕನ್ಸರ್ವೇಟಿವ್ ಪಕ್ಷದ ಸಂಬಂಧವುಳ್ಳವರ ಮೂಲಕ ಪತ್ರಿಕೆಗೆ ಸೋರಿರಬಹುದೆಂದೂ ಅವರ ಅಭಿಪ್ರಾಯ. ಬರೆದ ಕೈ ಇಂಥವನದೇ ಎಂದು ಅವರು ಹಟದಿಂದ ಹೇಳದಿರುವುದು ಗಮನಾರ್ಹ. ಆಧಾರವಿದ್ದಷ್ಟೇ ನುಡಿಯುವ ಸಂಯಮವು ಖಂಡನಕಾರನಿಗೂ ವಿಹಿತವಾದುದು.

ಈ ಸಂಯಮವನ್ನು ಲೇಬರ್ ಪಕ್ಷದ ಅಭಿಮಾನಿಗಳು ಪಾಲಿಸಲಿಲ್ಲ. ಪತ್ರವೇ ತಮ್ಮನ್ನು ಸೋಲಿಸಿತೆಂಬ ಕಥೆ ಅವರಲ್ಲಿ ಬಹುಕಾಲ ಬೆಳೆಯಿತು. ಪಕ್ಷದ ಸ್ಥಾನಗಳು 191ರಿಂದ 151ಕ್ಕೆ ಇಳಿದುದು ನಿಜ. ಆದರೆ ಅದಕ್ಕೆ ಬಂದ ಮತಗಳು ಹತ್ತು ಲಕ್ಷಕ್ಕೂ ಮೇಲ್ಪಟ್ಟು ಹೆಚ್ಚಿದುವು. ನಿಜವಾಗಿ ಕುಸಿದದ್ದು ಲಿಬರಲ್ ಪಕ್ಷ; ಅದು 158 ಸ್ಥಾನಗಳಿಂದ 40ಕ್ಕೆ ಇಳಿಯಿತು. ಪತ್ರವು ಸುಳ್ಳೆಂಬುದರಿಂದ ಅದರ ಫಲವಾಗಿ ಸೋಲುಂಟಾಯಿತೆಂಬುದು ಸಿದ್ಧವಾಗುವುದಿಲ್ಲ.

ಹೀಗೆ ಸತ್ಯವು ಬೆಳಕಿಗೆ ಬರಲು ಎಪ್ಪತ್ತೈದು ವರ್ಷಗಳು ಬೇಕಾದುವು. ಮತದಾರನಿಗಿದ್ದದ್ದು ನಾಲ್ಕು ದಿನಗಳು. ಆ ನಾಲ್ಕು ದಿನಗಳಲ್ಲಿ ಅವನು ದಫ್ತರಗಳನ್ನು ಶೋಧಿಸಲು ಶಕ್ಯವಿರಲಿಲ್ಲ. ಆದರೆ ಓಲೆಗರಿಯ ಗ್ರಂಥವನ್ನು ಸಂಪಾದಿಸುವವನು ಮೊತ್ತಮೊದಲು ಕೇಳುವ ಪ್ರಶ್ನೆಯನ್ನು ಅವನೂ ಕೇಳಬಹುದಾಗಿತ್ತು: ಮೂಲವೆಲ್ಲಿ, ಅದನ್ನು ಕಂಡವರಾರು? ಇದಕ್ಕೆ ಉತ್ತರವು ದೊರೆಯುವವರೆಗೆ ಪತ್ರವನ್ನು ಸಂದಿಗ್ಧವೆಂದು ಬದಿಗಿರಿಸುವುದಷ್ಟೇ ನ್ಯಾಯವಾಗಿತ್ತು.