ಹುಣಸೆಹುಳಿ ಕಾಣದ ಹಿತ್ತಾಳೆ

ಗೃಹಪ್ರವೇಶ, ಷಷ್ಟಿಪೂರ್ತಿ ಮೊದಲಾದ ಶುಭಸಂದರ್ಭಗಳಲ್ಲಿ ಈಚೆಗೆ ಉಡುಗೊರೆಯಾಗಿ ಕೈಯಿಂದ ಕೈಗೆ ದಾಟುತ್ತಿರುವ ಹಿತ್ತಾಳೆಯ ಪುಟ್ಟ ದೇವಮೂರ್ತಿಗಳು ದೇವರಮನೆಯನ್ನು ತೊರೆದು ಹಜಾರದ ಗಾಜಿನ ಬೀರುವನ್ನು ಸೇರಿದುವೆಂದು ಮರುಗುವವರುಂಟು. ನನ್ನ ಆಕ್ಷೇಪ ಅದಲ್ಲ. ಗಾತ್ರದ ಅಲ್ಪತೆಯೂ ದೋಷವಲ್ಲ. ಮನೆಯಲ್ಲಿಡುವ ಪ್ರತಿಮೆಯು ಹೆಬ್ಬೆರಳಿನ ಗೆಣ್ಣಿನಷ್ಟರಿಂದ ಮೊದಲ್ಗೊಂಡು ಗೇಣುದ್ದದವರೆಗೆ ಇರಬಹುದು, ಅದನ್ನು ಮೀರಿದುದು ಪ್ರಶಸ್ತವಲ್ಲ ಎಂದು ಮತ್ಸ್ಯಪುರಾಣವೇ ವಿಧಿಸಿರುವಾಗ, ಕಿರಿದಾಗಿರುವುದು ಮನೆದೇವರ ಸಹಜಧರ್ಮವೆಂದೇ ತಿಳಿಯತಕ್ಕದ್ದು.

ಆದರೆ ಕಿರಿದು ಸುಲಭವಲ್ಲ. ನವತಾಲ ಪ್ರಮಾಣದಲ್ಲಿ ಮುಖಕ್ಕೆ ಸಲ್ಲುವುದು ಒಟ್ಟು ಎತ್ತರದ ಒಂಬತ್ತನೆಯ ಒಂದು ಪಾಲು. ಅಂದರೆ ಮೂರು ಇಂಚಿನ ವಿಗ್ರಹದಲ್ಲಿ ಕಣ್ಣು, ಮೂಗು, ಮಂದಹಾಸಗಳೆಲ್ಲವೂ ಒಂದು ಇಂಚಿನ ಮೂರನೆಯ ಒಂದು ಪಾಲಿನೊಳಗೆ ಮೂಡಬೇಕು. ಗಣಪತಿಯನ್ನಾದರೋ ಶಿಲ್ಪಶಾಸ್ತ್ರವು ಪಂಚತಾಲದಲ್ಲಿ ನಿಯಮಿಸಿರುವುದರಿಂದ ಅದೇ ಎತ್ತರದಲ್ಲಿ ಅವನ ಮುಖಕ್ಕೆ ಅರ್ಧ ಇಂಚಿಗೂ ಮಿಗಿಲಾದ ಅವಕಾಶ ದೊರೆಯುತ್ತದೆ. ಅಂಗಡಿಯ ಸಾಲಿನಲ್ಲಿ ಗಣಪತಿಯೊಬ್ಬನೇ ಪ್ರಸನ್ನನಾಗಿ ಕಾಣುವುದಕ್ಕೆ ಭಕ್ತಿಯಷ್ಟೇ ಈ ಲೆಕ್ಕವೂ ಕಾರಣವಿರಬೇಕು. ದೊಡ್ಡಮಳೂರಿನ ನವನೀತಕೃಷ್ಣನನ್ನು ನೆನೆಯಿಸುವ ಅಂಬೆಗಾಲಿನ ಕೃಷ್ಣನೂ ತನ್ನ ದುಂಡುದುಂಡಾದ ಮೈಯಿಂದ ಈ ಕಿರುಗಾತ್ರದಲ್ಲಿ ಗೆಲ್ಲುತ್ತಾನೆ. ಸೋಲುವವನು ನಟರಾಜ: ಜ್ವಾಲಾಮಾಲೆ ಗರಗಸದ ಹಲ್ಲಾಗುತ್ತದೆ, ಕಾಲಡಿಯ ಅಪಸ್ಮಾರ ಮುದ್ದೆಯಾಗುತ್ತಾನೆ, ಅಭಯಹಸ್ತವು ಕೈಗವಸು ತೊಟ್ಟಂತಿರುತ್ತದೆ. ಪುಸ್ತಕವೋದುವ, ಕ್ರಿಕೆಟ್ ಆಡುವ ಗಣಪತಿಗಳ ಮಾತನ್ನು ನಾನೆತ್ತುವುದಿಲ್ಲ. ಅವನ್ನು ಕಂಡು ಮಕ್ಕಳು ನಗುತ್ತಾರೆ, ಅಷ್ಟೇ ಸಾಕು.

ಈ ಸೋಲಿನಲ್ಲಿ ಎರಕದ ವಿಧಾನಕ್ಕೂ ಪಾಲುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಮೇಣದ ಮೂರ್ತಿಯನ್ನು ಮೊದಲೇ ತೂಗಿ, ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ಹರಿಯಬಿಟ್ಟು, ಆ ತೂಕದ ಇಂತಿಷ್ಟು ಪಟ್ಟೆಂದು ಲೋಹವನ್ನು ಹೊಯ್ಯುವ ಕ್ರಮವು ವಿವರವಾಗಿ ಬಂದಿದೆ. ಸ್ವಾಮಿಮಲೈಯ ಸ್ಥಪತಿಗಳು ಕಾವೇರಿಯ ವಂಡುಮಣ್ಣಿನಿಂದ ಇಂದಿಗೂ ನಡೆಸಿಕೊಂಡು ಬಂದಿರುವುದು ಈ ಬಗೆಯ ಎರಕವನ್ನೇ. ಅಲ್ಲಿ ಅಚ್ಚು ಒಡೆದ ಮೇಲಲ್ಲದೆ ವಿಗ್ರಹ ಹೊರಬಾರದು. ಒಂದಚ್ಚಿಗೆ ಒಂದೇ ವಿಗ್ರಹ. ಮೊರಾದಾಬಾದಿನಂತಹ ಊರುಗಳ ಮರಳಚ್ಚಿನಲ್ಲಾದರೆ ಮಾದರಿಯನ್ನು ಮರಳು ಕುಸಿಯದಂತೆ ಮೇಲೆತ್ತಬೇಕಾದುದರಿಂದ ತೋಳಿಗೂ ಪಕ್ಕೆಗೂ ನಡುವಣ ಟೊಳ್ಳು ತುಂಬಿಹೋಗುತ್ತದೆ, ಎರಡು ಪಾಲಿನ ಅಚ್ಚು ಕೂಡಿದೆಡೆಯಲ್ಲಿ ಗೀಟು ಉಳಿಯುತ್ತದೆ. ಅದನ್ನು ಅರದಿಂದ ಉಜ್ಜಿ ಅಳಿಸುತ್ತಾರೆ. ಅಗ್ಗದ ಬೆಲೆಗೆ ಇದಕ್ಕಿಂತ ಹೆಚ್ಚನ್ನು ಬಯಸುವುದು ನ್ಯಾಯವಲ್ಲ.

ನಾನು ಕ್ಷಮಿಸಲಾರದುದು ಕೃತಕವಾದ ಮುಪ್ಪನ್ನು. ನಮ್ಮ ಅಜ್ಜಿ ತವರಿನಿಂದ ತಂದ ಅನ್ನಪೂರ್ಣೆಯು ಎರಡಂಗುಲದವಳು. ಹಬ್ಬಹಬ್ಬಕ್ಕೂ ಹುಣಸೆಹಣ್ಣು, ವಿಭೂತಿಗಳಿಂದ ತಿಕ್ಕಿಸಿಕೊಂಡು ಮೂಗು ಸವೆದು, ಸಟ್ಟುಗ ಹಿಡಿದ ಕೈ ನುಣುಪಾಗಿ, ಮುಖವೇ ಇಲ್ಲವೆನ್ನಬಹುದಾದ ಸ್ಥಿತಿಯಲ್ಲಿದ್ದರೂ ಮನೆಮಂದಿಗೆಲ್ಲ ಅವಳ ಮುಖ ಗೊತ್ತು. ಈಗಿನ ವಿಗ್ರಹಗಳಾದರೋ ಹುಟ್ಟುವಾಗಲೇ ಮಡಿಕೆಗಳಲ್ಲಿ ಕಪ್ಪು ಬಳಿಸಿಕೊಂಡು, ಉಬ್ಬುಗಳಲ್ಲಿ ಮಾತ್ರ ಒಪ್ಪ ಹಾಕಿಸಿಕೊಂಡು, ಮೇಲೆ ಅರಗೆಣ್ಣೆಯ ಲೇಪವನ್ನೂ ಹೊದ್ದು, ನೂರು ವರ್ಷ ಪೂಜೆಗೊಂಡ ವೇಷದಲ್ಲಿ ಬರುತ್ತವೆ. ಜೊತೆಗಿರುವ ಚೀಟಿಯಲ್ಲಿ ತೊಳೆಯಬಾರದು, ಒಣಬಟ್ಟೆಯಿಂದ ಒರಸತಕ್ಕದ್ದು ಎಂದಿರುತ್ತದೆ.

ಅಂತಹದೊಂದು ಗಣಪತಿ ಉಡುಗೊರೆಯಾಗಿ ನಮ್ಮ ಮನೆಗೂ ಬಂದಿತು. ಗೌರಿಹಬ್ಬದ ಹಿಂದಿನ ದಿನ ಚೀಟಿಯನ್ನು ಓದದ ನನ್ನ ಸೊಸೆ ಅದನ್ನೂ ಅನ್ನಪೂರ್ಣೆಯೊಡನೆ ಹುಣಸೆನೀರಿಗೆ ಹಾಕಿಬಿಟ್ಟಳು. ಕಪ್ಪೆಲ್ಲ ಇಳಿದುಹೋಗಿ, ಸೊಂಡಿಲಿನ ಬುಡದಲ್ಲಿ ಯಾರೋ ಕೆಲಸಗಾರನು ಗೀಟನ್ನಳಿಸಲು ಅವಸರದಿಂದ ಅರವಾಡಿಸಿದ ಐದಾರು ಓರೆಗೆರೆಗಳು ಬಿಳುಪಾಗಿ ಕಾಣಿಸಿಕೊಂಡುವು. ಆ ಗೆರೆಗಳನ್ನು ಕಂಡಮೇಲೆ ಅದನ್ನು ಮರಳಿ ಬೀರುವಿನಲ್ಲಿಡಲು ನನಗೆ ಮನಸ್ಸಾಗಲಿಲ್ಲ.